ಹತ್ತು ಮನೆಯ ಹಾಲಿನ ಲೆಕ್ಕ

ಮೈಸೂರಿನ ಹಾಸ್ಟೆಲ್ಲಿನಲ್ಲಿ ನಮ್ಮ ಕೋಣೆಗೆ ಮೂರು ಮಂಚ, ಒಂದೇ ಮೇಜು. 1991ರ ಜುಲೈನಲ್ಲಿ ನಾನು ಟ್ರಂಕು ಹೊತ್ತು ಒಳಗೆ ಕಾಲಿಟ್ಟಾಗ ಕಿಟಕಿ ಪಕ್ಕದ ಮಂಚವನ್ನು ಒಬ್ಬಳು ಆಗಲೇ ಹಿಡಿದಾಗಿತ್ತು. ಒಂದೇ ಹೆಸರಿನವರು ನಾಲ್ಕೈದು ಜನ ಇರುತ್ತಿದ್ದದ್ದರಿಂದ ಹಾಸ್ಟೆಲ್ಲಿನಲ್ಲಿ ಊರಿನ ಹೆಸರು ಹಿಡಿದೇ ಕರೆಯುವ ರೂಢಿ. ಕಿಟಕಿ ಪಕ್ಕದವಳು ಸಾಗರ. ಬಾಗಿಲ ಪಕ್ಕದವಳು ಕೊಳ್ಳೇಗಾಲ. ಚನ್ನರಾಯಪಟ್ಟಣದ ಹತ್ತಿರದ ಹಳ್ಳಿಯವಳಾದ ನಾನು ಮೂರು ವರ್ಷವೂ ‘ಪಟ್ಟಣ’. ಇವತ್ತಿಗೂ ಅವರಿಬ್ಬರ ಫೋನು ಬಂದರೆ ‘ಏನೇ ಪಟ್ಟಣ’ ಅಂತಲೇ ಮಾತು ಶುರುವಾಗುತ್ತದೆ.

ಸಾಗರದವಳದು ಬಿ.ಎಸ್ಸಿ., ರಸಾಯನಶಾಸ್ತ್ರವೆಂದರೆ ಜೀವ. ನನ್ನದೂ ಬಿ.ಎಸ್ಸಿ., ಆದರೆ ಗಣಿತ ಮತ್ತು ಸಂಖ್ಯಾಶಾಸ್ತ್ರದ ಕಡೆ. ಕೊಳ್ಳೇಗಾಲದವಳದು ಬಿ.ಕಾಂ. ರಾತ್ರಿ ಊಟ ಮುಗಿಸಿ ಎಂಟೂವರೆಗೆ ಮೇಜಿನ ಮೂರು ಕಡೆ ಮೂವರೂ ಕೂತರೆ ಹನ್ನೊಂದಕ್ಕೆ ದೀಪ ಆರಿಸುವವರೆಗೆ ಏಳುತ್ತಿರಲಿಲ್ಲ. ಒಂದು ಕಡೆ ಕ್ಲಾರ್ಕ್ಸ್ ಟೇಬಲ್ಲು, ಇನ್ನೊಂದು ಕಡೆ ಗುಪ್ತಾ–ಕಪೂರ್ ಅವರ ಇಟ್ಟಿಗೆಯಷ್ಟು ದಪ್ಪದ ಸಂಖ್ಯಾಶಾಸ್ತ್ರದ ಪುಸ್ತಕ, ಮೂರನೆಯ ಕಡೆ ಕೆಂಪು ಗೆರೆ ಎಳೆದ ಲೆಡ್ಜರಿನ ಹಾಳೆ. ಕ್ಯಾಲ್ಕುಲೇಟರ್ ಮೂವರಿಗೂ ಸೇರಿ ಒಂದೇ. ಕೊಳ್ಳೇಗಾಲದವಳ ಅಪ್ಪ ತಮ್ಮ ರೇಷ್ಮೆ ಸೀರೆ ಅಂಗಡಿಯ ಗಲ್ಲಾದಿಂದ ಎತ್ತಿ ಕೊಟ್ಟದ್ದು ಅದು. ಕೂಡು, ಕಳೆ, ಗುಣಿಸು, ಭಾಗಿಸು, ಒಂದು ವರ್ಗಮೂಲ, ಅಷ್ಟೇ. ಲಾಗ್ ಬೇಕೆಂದರೆ ಕ್ಲಾರ್ಕ್ಸ್ ಟೇಬಲ್ಲಿನ ಸಾಲಿನ ಮೇಲೆ ಬೆರಳಿಟ್ಟು ಹುಡುಕಬೇಕು.

ಹತ್ತನೇ ತರಗತಿಯವರೆಗೆ ನಾನು ಕನ್ನಡದಲ್ಲೇ ಓದಿದವಳು. ಪಿಯುಸಿಯ ಎರಡು ವರ್ಷ ಇಂಗ್ಲಿಷನ್ನು ಹೇಗೋ ಬಾಯಿಪಾಠ ಮಾಡಿ ದಾಟಿದ್ದೆ. ಡಿಗ್ರಿಯ ಹೋಂವರ್ಕ್ ಲೆಕ್ಕಗಳು ಬಾಯಿಪಾಠಕ್ಕೆ ಬಗ್ಗಲಿಲ್ಲ. ಸೂತ್ರ ಗೊತ್ತು, ಕೂಡಿ ಕಳೆಯುವುದೂ ಗೊತ್ತು. ಪ್ರಶ್ನೆ ಏನು ಕೇಳುತ್ತಿದೆ ಎನ್ನುವುದೇ ಗೊತ್ತಾಗುತ್ತಿರಲಿಲ್ಲ. ಒಂದು ಲೆಕ್ಕದಲ್ಲಿ ಎರಡು ಗುಂಪಿನ ಸರಾಸರಿಗಳನ್ನು ಒಟ್ಟಿಗೆ ಕೊಟ್ಟು, ಆಮೇಲೆ ಎರಡು ಪ್ರಮಾಣ ವಿಚಲನೆಗಳನ್ನು ಒಟ್ಟಿಗೆ ಕೊಟ್ಟು, ಕೊನೆಗೆ ‘ರೆಸ್ಪೆಕ್ಟಿವ್ಲಿ’ ಎಂದು ಬರೆದಿತ್ತು. ಆ ಒಂದು ಪದಕ್ಕೆ ಎರಡು ರಾತ್ರಿ ಹಿಡಿದವು. ಯಾವ ಸರಾಸರಿಗೆ ಯಾವ ವಿಚಲನೆ ಎಂದು ತಿಳಿಯದೆ ನಾಲ್ಕು ಬಗೆಯಲ್ಲಿ ಮಾಡಿ ನಾಲ್ಕು ಉತ್ತರ ತೆಗೆದೆ. ಕೊನೆಗೆ ಕೊಳ್ಳೇಗಾಲದವಳು ಪುಸ್ತಕ ತನ್ನ ಕಡೆ ತಿರುಗಿಸಿಕೊಂಡು, “ಕ್ರಮವಾಗಿ ಅಂತ ಕಣೇ. ಮೊದಲನೇದಕ್ಕೆ ಮೊದಲನೇದು, ಎರಡನೇದಕ್ಕೆ ಎರಡನೇದು” ಅಂದಳು. ಅವಳಿಗೆ ಅದು ಹೊಳೆದದ್ದು ಅಂಗಡಿಯ ಬಿಲ್ಲುಗಳಿಂದ. ಸೀರೆ ಇಷ್ಟು, ರವಿಕೆ ಕಣ ಇಷ್ಟು ಎಂದು ಬರೆದು ಪಕ್ಕದಲ್ಲಿ ದರ ಬರೆಯುವುದೂ ಹಾಗೆಯೇ.

ಆ ರಾತ್ರಿಯಿಂದ ನೋಟ್‌ಬುಕ್ಕಿನ ಎಡಗಡೆ ಪುಟವನ್ನು ಕನ್ನಡಕ್ಕೆ ಬಿಟ್ಟೆ. ಲೆಕ್ಕವನ್ನು ಮೊದಲು ಅಲ್ಲಿ ನನ್ನ ಮಾತಿನಲ್ಲಿ ಬರೆದುಕೊಳ್ಳುವುದು: ಯಾರು ಅಳೆದರು, ಏನು ಅಳೆದರು, ಎಷ್ಟು ಸಲ ಅಳೆದರು, ಏನು ತಿಳಿಯಬೇಕಂತೆ. ಬಲಗಡೆ ಪುಟದಲ್ಲಿ ಇಂಗ್ಲಿಷಿನಲ್ಲಿ ಬಿಡಿಸುವುದು. ಸಮಯ ಎರಡು ಪಟ್ಟು ಹಿಡಿಯುತ್ತಿತ್ತು. ಬೇರೆ ಹುಡುಗಿಯರು ಆರು ಲೆಕ್ಕ ಮುಗಿಸುವ ಹೊತ್ತಿಗೆ ನನ್ನದು ಮೂರು. ಹೀಗೆ ಕಳೆದ ಸಮಯದ ಬಗ್ಗೆ ನನಗೆ ಒಂದು ದಿನವೂ ಬೇಜಾರಾಗಿಲ್ಲ.

ಸಾಗರದವಳಿಗೆ ಭಾಷೆಯ ತೊಡಕಿರಲಿಲ್ಲ, ಅವಳ ತೊಡಕು ಅವಸರ. ಒಂದು ರಾತ್ರಿ ಅನಿಲಗಳ ಲೆಕ್ಕ ಮಾಡುತ್ತಿದ್ದಳು. 250 ಸಿಸಿ ಫ್ಲಾಸ್ಕಿನಲ್ಲಿ ಆಮ್ಲಜನಕ, ಒತ್ತಡ 740 ಮಿಲಿಮೀಟರ್ ಪಾದರಸ, ಉಷ್ಣತೆ 27 ಡಿಗ್ರಿ ಸೆಂಟಿಗ್ರೇಡ್, ತೂಕವೆಷ್ಟು? ಉಷ್ಣತೆಗೆ 273 ಸೇರಿಸಿ 300 ಮಾಡಿಕೊಂಡಳು, ಅನಿಲ ಸ್ಥಿರಾಂಕ 0.0821 ಹಾಕಿದಳು, ಒತ್ತಡಕ್ಕೆ 740, ಗಾತ್ರಕ್ಕೆ 250 ಹಾಗೇ ಇಟ್ಟಳು. ಏಳೂವರೆ ಸಾವಿರ ಮೋಲ್ ಬಂತು. 32ರಿಂದ ಗುಣಿಸಿದಳು, ಅಡಿಗೆರೆ ಹಾಕಿದಳು, ಮುಂದಿನ ಲೆಕ್ಕಕ್ಕೆ ಹೋದಳು. ಲೆಡ್ಜರಿನಿಂದ ತಲೆ ಎತ್ತಿದ ಕೊಳ್ಳೇಗಾಲ ಆ ಉತ್ತರ ನೋಡಿ ಕೇಳಿದಳು: “ಇದು ಗ್ರಾಂ ಆದ್ರೆ ಕಿಲೋ ಎಷ್ಟಾಗುತ್ತೆ?” ಇನ್ನೂರ ನಲವತ್ತು ಕಿಲೋ. ಕಾಲು ಲೀಟರಿನ ಗಾಜಿನ ಫ್ಲಾಸ್ಕಿನಲ್ಲಿ ಹತ್ತಿರತ್ತಿರ ಎರಡೂವರೆ ಕ್ವಿಂಟಾಲ್ ಗಾಳಿ!

“ಅಯ್ಯೋ ಮಾರಾಯ್ತಿ!” ಎಂದು ಸಾಗರ ತಲೆಗೆ ಕೈ ಹೊತ್ತಳು. 0.0821 ಎನ್ನುವ ಆ ಸಂಖ್ಯೆ ಒತ್ತಡವನ್ನು ಅಟ್ಮಾಸ್ಫಿಯರಿನಲ್ಲಿ, ಗಾತ್ರವನ್ನು ಲೀಟರಿನಲ್ಲಿ ಕೇಳುತ್ತದೆ. 740ನ್ನು 760ರಿಂದ ಭಾಗಿಸಬೇಕಿತ್ತು, 250ನ್ನು ಸಾವಿರದಿಂದ. ಸರಿಯಾದ ಉತ್ತರ 0.316 ಗ್ರಾಂ, ಒಂದು ಚಿಟಿಕೆ ಉಪ್ಪಿನಷ್ಟು. ಅಂದಿನಿಂದ ಅವಳು ಪ್ರತಿ ಸಂಖ್ಯೆಯ ಪಕ್ಕದಲ್ಲೂ ಅದರ ಮಾನ ಬರೆದು, ಮೇಲಿನದು ಕೆಳಗಿನದು ಒಂದೇ ಆದಾಗ ಎರಡನ್ನೂ ಅಡ್ಡಗೆರೆ ಎಳೆದು ಹೊಡೆದುಹಾಕಿ, ಕೊನೆಗೆ ‘ಗ್ರಾಂ’ ಒಂದೇ ಉಳಿದರೆ ಮಾತ್ರ ಮುಂದೆ ಹೋಗುತ್ತಿದ್ದಳು. ಆ ಅಭ್ಯಾಸ ನಮ್ಮಿಬ್ಬರಿಗೂ ಅಂಟಿತು. ಆದರೆ ನನ್ನ ಮನಸ್ಸಿನಲ್ಲಿ ನಿಂತದ್ದು ಕೊಳ್ಳೇಗಾಲದವಳ ಪ್ರಶ್ನೆ. ರಸಾಯನಶಾಸ್ತ್ರದ ಗಂಧವೇ ಇಲ್ಲದವಳು, ತೂಕ ಎಂದ ಕೂಡಲೇ ತಕ್ಕಡಿಯನ್ನು ಕಣ್ಣ ಮುಂದೆ ತಂದುಕೊಂಡಿದ್ದಳು.

ಪುಸ್ತಕದ ಕೊನೆಯಲ್ಲಿ ಉತ್ತರಗಳಿರುತ್ತಿದ್ದವು. ಅದು ವರವೂ ಹೌದು, ಕೆಡುಕೂ ಹೌದು. ಉತ್ತರ ಮೊದಲೇ ನೋಡಿಕೊಂಡು, ಅಲ್ಲಿಗೆ ತಲುಪುವ ಯಾವುದೋ ಒಂದು ದಾರಿ ಹುಡುಕುವುದು ಎಲ್ಲರಿಗೂ ಅಭ್ಯಾಸ. ಬೆಳಿಗ್ಗೆ ಏಳಕ್ಕೆ ಸ್ನಾನದ ಮನೆಯ ಸರದಿಗಿಂತ ನಮ್ಮ ಕೋಣೆಯ ಮುಂದಿನ ಸರದಿ ಉದ್ದ. ನೋಟ್‌ಬುಕ್ಕುಗಳು ಕೈಯಿಂದ ಕೈಗೆ ಹೋಗಿ, ಒಂಬತ್ತೂವರೆಗೆ ಮೂಲೆ ಮಡಿಸಿಕೊಂಡು ವಾಪಸ್ಸು ಬರುತ್ತಿದ್ದವು. ನಾನು ಯಾರಿಗೂ ಇಲ್ಲ ಎಂದವಳಲ್ಲ. ಎಂದಿದ್ದರೆ ಒಳ್ಳೆಯದಿತ್ತು ಎಂದು ಈಗ ಅನಿಸುತ್ತದೆ. ಬರೆದುಕೊಂಡು ಹೋದ ಎಷ್ಟೋ ಹುಡುಗಿಯರು ನನಗಿಂತ ಚುರುಕಾಗಿದ್ದರು, ಒಬ್ಬರೇ ಕೂತು ತಪ್ಪುವ ಅವಕಾಶ ಅವರಿಗೆ ಸಿಗಲಿಲ್ಲ.

ಎರಡನೇ ವರ್ಷ, 1992ರ ದಸರಾ ರಜೆಗೆ ಮುಂಚೆ, ನಮ್ಮ ಸಂಖ್ಯಾಶಾಸ್ತ್ರದ ಮೇಷ್ಟ್ರು ಪುಸ್ತಕದಲ್ಲಿಲ್ಲದ ಒಂದು ಹೋಂವರ್ಕ್ ಕೊಟ್ಟರು. ಊರಿಗೆ ಹೋಗುವವರು ಊರಿನಿಂದ, ಇಲ್ಲಿರುವವರು ಇಲ್ಲಿಂದ, ನಿಜವಾಗಿ ಅಳೆದ ಸಂಖ್ಯೆಗಳನ್ನು ತಂದು ಟಿ-ಪರೀಕ್ಷೆ ಮಾಡಿ ತೋರಿಸಬೇಕು. “ಮನಸ್ಸಿಗೆ ಬಂದ ಸಂಖ್ಯೆ ಬರ್ಕೊಂಡು ಬಂದ್ರೆ ನಂಗೆ ಗೊತ್ತಾಗುತ್ತೆ” ಎಂದು ಎಚ್ಚರಿಸಿಯೂ ಇದ್ದರು.

ಕೃಷ್ಣರಾಜಪೇಟೆ ಮೇಲೆ ಹೋಗುವ ಬಸ್ಸಿನಲ್ಲಿ ಊರಿಗೆ ಹೋದೆ. ನಮ್ಮೂರಲ್ಲಿ ಅಳೆಯುವುದು ಎಂದರೆ ಎರಡೇ, ಮಳೆ ಮತ್ತು ಹಾಲು. ಹಾಲಿನ ಸೊಸೈಟಿಗೆ ನಾವೆಲ್ಲ ಡೇರಿ ಎನ್ನುತ್ತಿದ್ದೆವು. ದಿನಕ್ಕೆರಡು ಸಲ ಹಾಲು ಹಾಕಿದರೆ ಕಾರ್ಡಿನಲ್ಲಿ ಲೀಟರು, ಫ್ಯಾಟು ಬರೆದು ಕೊಡುತ್ತಿದ್ದರು. ಅವ್ವನ ಕಾರ್ಡು ದೇವರ ಗೂಡಿನಲ್ಲಿ, ಕುಂಕುಮದ ಭರಣಿಯ ಕೆಳಗೆ ಇರುತ್ತಿತ್ತು. ಸಂಜೆ ಹಾಲು ಬೆಳಗಿನದಕ್ಕಿಂತ ಗಟ್ಟಿ ಎಂದು ಅವ್ವ ನಾನು ಚಿಕ್ಕವಳಿದ್ದಾಗಿನಿಂದ ಹೇಳುತ್ತಿದ್ದಳು. ಅದನ್ನೇ ಪರೀಕ್ಷೆ ಮಾಡೋಣ ಎನಿಸಿತು. ನಮ್ಮ ಬೀದಿಯಲ್ಲಿ ಹಸು ಕಟ್ಟಿದ ಹತ್ತು ಮನೆಗೆ ಹೋಗಿ ಕಾರ್ಡು ಇಸಿದುಕೊಂಡು ಒಂದೇ ದಿನದ ಬೆಳಗಿನ ಫ್ಯಾಟು, ಸಂಜೆಯ ಫ್ಯಾಟು ಬರೆದುಕೊಂಡೆ. ಹೋದ ಹೋದ ಮನೆಯಲ್ಲಿ ಕಾಫಿ ಕುಡಿಯಬೇಕಾಯಿತು, ‘ಯಾಕವ್ವಾ, ಡೇರಿಯವರೇನಾರ ಕಳ್ಸವ್ರಾ?’ ಎನ್ನುವುದಕ್ಕೆ ಉತ್ತರವನ್ನೂ ಕೊಡಬೇಕಾಯಿತು.

ಮೈಸೂರಿಗೆ ಬಂದು ಹತ್ತು ಬೆಳಗಿನ ಸಂಖ್ಯೆಗಳನ್ನು ಒಂದು ಕಡೆ, ಹತ್ತು ಸಂಜೆಯ ಸಂಖ್ಯೆಗಳನ್ನು ಇನ್ನೊಂದು ಕಡೆ ಜೋಡಿಸಿದೆ. ಎರಡು ಸರಾಸರಿ, ಎರಡು ವಿಚಲನೆ, ಎರಡನ್ನೂ ಸೇರಿಸಿದ ವಿಚಲನೆ. ಸಂಜೆಯ ಸರಾಸರಿ ಕಾಲು ಅಂಶ ಹೆಚ್ಚಿತ್ತು. ಆದರೆ ಟಿ ಬಂದದ್ದು 1.3ರ ಆಸುಪಾಸು. ಕೋಷ್ಟಕದಲ್ಲಿ ಹದಿನೆಂಟರ ಸಾಲಿನಲ್ಲಿ 2.101 ಇದೆ, ಅದನ್ನು ದಾಟಬೇಕು. ದಾಟಲಿಲ್ಲ. ಬೆಳಗಿನ ಹಾಲಿಗೂ ಸಂಜೆಯ ಹಾಲಿಗೂ ವ್ಯತ್ಯಾಸವಿದೆ ಎನ್ನಲು ಆಧಾರವಿಲ್ಲ ಎಂದು ನೀಟಾಗಿ ಬರೆದು ಕೊಟ್ಟೆ. ಅವ್ವ ಇಷ್ಟು ವರ್ಷ ಹೇಳಿದ್ದು ಬರೀ ಭ್ರಮೆ ಎಂದು ನನ್ನ ಕೈಯಾರೆ ಬರೆದಂತಾಯಿತಲ್ಲ ಎಂದು ಹೊಟ್ಟೆಯೊಳಗೆ ಸಂಕಟ. ಲೆಕ್ಕವೇನೋ ಸರಿಯಾಗಿತ್ತು. ಮೂರು ಸಲ ಕೂಡಿ ನೋಡಿದ್ದೆ.

ಮರುದಿನ ಮೇಷ್ಟ್ರು ಸ್ಟಾಫ್ ರೂಮಿಗೆ ಕರೆದರು. ನನ್ನ ಹಾಳೆ ಅವರ ಮುಂದಿತ್ತು. ಕೆಂಪು ಶಾಯಿಯ ಗುರುತು ಒಂದೂ ಇರಲಿಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ.

“ಬೆಳಿಗ್ಗೆ ಕರೆದವು, ಸಂಜೆ ಕರೆದವು, ಅವೇ ಹಸುಗಳೇನಮ್ಮ?”

“ಹೌದು ಸಾರ್, ಅವೇ.”

“ಮತ್ತೆ ಇಪ್ಪತ್ತು ಹಸು ಅನ್ನೋ ಹಾಗೆ ಲೆಕ್ಕ ಮಾಡಿದೀಯಲ್ಲ?”

ನನಗೆ ಮೈ ಜುಮ್ಮೆಂದಿತು. ಆ ಹತ್ತು ಹಸುಗಳು ಕಣ್ಣ ಮುಂದೆ ಬಂದು ನಿಂತವು. ನಮ್ಮ ಸೀಮೆ ಹಸು ಕೊಡದ ತುಂಬ ಕೊಡುತ್ತದೆ, ಹಾಲು ತೆಳು. ಎದುರು ಮನೆಯವರ ನಾಟಿ ಹಸು ಕೊಡುವುದು ಎರಡು ಸೇರು, ಕೈಗೆ ಅಂಟುವಷ್ಟು ಗಟ್ಟಿ. ಹಸುವಿನಿಂದ ಹಸುವಿಗೆ ಇರುವ ಆ ದೊಡ್ಡ ಅಂತರದ ಗದ್ದಲದಲ್ಲಿ, ಬೆಳಿಗ್ಗೆಯಿಂದ ಸಂಜೆಗೆ ಆಗುವ ಸಣ್ಣ ಬದಲಾವಣೆಯನ್ನು ನಾನು ಮುಳುಗಿಸಿಬಿಟ್ಟಿದ್ದೆ. ಪ್ರತಿ ಹಸುವನ್ನೂ ಅದೇ ಹಸುವಿನ ಜೊತೆ ಹೋಲಿಸಬೇಕಿತ್ತು. ಮೇಷ್ಟ್ರು ಹಾಳೆ ಹಿಂದಕ್ಕೆ ಕೊಟ್ಟು, “ಇಪ್ಪತ್ತು ಸಂಖ್ಯೆ ಮರೆತುಬಿಡು. ಹತ್ತು ವ್ಯತ್ಯಾಸ ಇಟ್ಕೋ” ಅಂದರು.

ಆ ಹತ್ತು ವ್ಯತ್ಯಾಸಗಳು ಈಗಲೂ ನನಗೆ ಬಾಯಿಗೆ ಬರುತ್ತವೆ: 0.3, 0.1, 0.4, 0.2, ಸೊನ್ನೆ, 0.3, 0.5, 0.2, 0.1, 0.4. ಕೂಡಿದರೆ 2.5, ಸರಾಸರಿ 0.25. ವರ್ಗ ಮಾಡಿ ಕೂಡಿದರೆ 0.85. ಅದರಿಂದ 0.625 ಕಳೆದರೆ 0.225, ಒಂಬತ್ತರಿಂದ ಭಾಗಿಸಿದರೆ 0.025. ಅದನ್ನು ಹತ್ತರಿಂದ ಭಾಗಿಸಿ ವರ್ಗಮೂಲ ತೆಗೆದರೆ 0.05. ಟಿ ಎಂದರೆ 0.25 ಭಾಗಿಸು 0.05. ಐದು. ಒಂಬತ್ತರ ಸಾಲಿನಲ್ಲಿ ದಾಟಬೇಕಾದದ್ದು 2.262. ಇದು ಅದರ ಎರಡು ಪಟ್ಟಿಗೂ ಮಿಗಿಲು. ಅದೇ ಹತ್ತು ಮನೆ, ಅದೇ ಕಾರ್ಡು, ಅದೇ ಸಂಖ್ಯೆಗಳು. ಸಾಗರದವಳ ಗಲ್ಲ ಹಿಡಿದು ಅಲ್ಲಾಡಿಸಿ, “ನಮ್ಮವ್ವ ಹೇಳಿದ್ದು ನಿಜ ಕಣೇ” ಎಂದು ನಾನು ಕೂಗಿದ್ದು ಪಕ್ಕದ ಕೋಣೆಗೂ ಕೇಳಿತ್ತು.

ಆಮೇಲೊಂದು ದಿನ ಮೇಷ್ಟ್ರು ಈ ಪರೀಕ್ಷೆಯ ಹುಟ್ಟಿನ ಕಥೆ ಹೇಳಿದರು. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ವಿಲಿಯಂ ಸೀಲಿ ಗಾಸೆಟ್, ಬಾರ್ಲಿಯನ್ನೂ ಮದ್ಯದ ಗುಣವನ್ನೂ ಕೆಲವೇ ಮಾದರಿಗಳಿಂದ ತೂಗಿ ಹೇಳಬೇಕಾಗಿ ಬಂದಾಗ ಈ ದಾರಿ ಕಂಡುಕೊಂಡವರು. ಸ್ವಂತ ಹೆಸರಿನಲ್ಲಿ ಪ್ರಕಟಿಸುವ ಹಾಗಿರಲಿಲ್ಲ, ಆದ್ದರಿಂದ 1908ರಲ್ಲಿ ‘ಬಯೊಮೆಟ್ರಿಕಾ’ ಪತ್ರಿಕೆಯಲ್ಲಿ ಬಂದ ಲೇಖನದ ಕೆಳಗೆ ‘ಸ್ಟೂಡೆಂಟ್’ ಎಂದಷ್ಟೇ ಇತ್ತು. ಆ ಲೇಖನದಲ್ಲಿ ಅವರು ಬಿಡಿಸಿ ತೋರಿಸಿದ ಒಂದು ಲೆಕ್ಕ ಹತ್ತು ರೋಗಿಗಳ ನಿದ್ದೆಯದು. ಒಂದು ಔಷಧಿ ಕೊಟ್ಟಾಗ ಎಷ್ಟು ಗಂಟೆ ಹೆಚ್ಚು ಮಲಗಿದರು, ಇನ್ನೊಂದು ಕೊಟ್ಟಾಗ ಎಷ್ಟು. ಅಲ್ಲೂ ಅವೇ ಹತ್ತು ಜನ. ವಿದ್ಯಾರ್ಥಿ ಎಂದು ಸಹಿ ಹಾಕಿದವರ ಲೆಕ್ಕವನ್ನು ಎಂಬತ್ತು ಚಿಲ್ಲರೆ ವರ್ಷದ ಮೇಲೆ ಒಬ್ಬಳು ವಿದ್ಯಾರ್ಥಿನಿ ಹಾಲಿನ ಕಾರ್ಡು ಹಿಡಿದು ಮಾಡಿದ್ದು ನೆನೆದರೆ ನನಗೆ ಇಂದಿಗೂ ಸಂತೋಷ.

ನಮ್ಮ ಬಳ್ಳಾರಿ ಸೀಮೆಯ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ ಅವರ ಹೆಸರನ್ನೂ ನಾನು ಮೊದಲು ಕೇಳಿದ್ದು ಅದೇ ತರಗತಿಯಲ್ಲಿ. ತಮಗೆ ಓದಲೆಂದು ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸಿ ಎಣ್ಣೆ ದೀಪ ಹಚ್ಚಿಡುತ್ತಿದ್ದ ತಾಯಿಯನ್ನು ಅವರು ತಮ್ಮ ಒಂದು ಪುಸ್ತಕದ ಅರ್ಪಣೆಯಲ್ಲಿ ನೆನೆದಿದ್ದಾರೆ. ಅವರದೇ ಇನ್ನೊಂದು ಸಂಗತಿ ನಾನು ಪಾಠ ಹೇಳಲು ಶುರುಮಾಡಿದ ಮೇಲೆ ತಿಳಿದದ್ದು. ಕಲ್ಕತ್ತೆಯಲ್ಲಿ ಪಾಠ ಮಾಡುತ್ತಿದ್ದಾಗ ಅವರಿನ್ನೂ ಇಪ್ಪತ್ತರ ಹರೆಯದವರು. ದೊಡ್ಡ ಮಾದರಿಗೆ ಹೊಂದುವ ಫಿಷರ್ ಅವರ ಒಂದು ಫಲಿತಾಂಶ ಹೇಳುತ್ತಿದ್ದರು. ಆಗ ವಿ.ಎಂ. ದಾಂಡೇಕರ್ ಎಂಬ ವಿದ್ಯಾರ್ಥಿ, ಮುಂದೆ ಅರ್ಥಶಾಸ್ತ್ರಜ್ಞರಾಗಿ ಹೆಸರಾದವರು, ಸಣ್ಣ ಮಾದರಿಗೂ ಇಂಥದ್ದೊಂದು ಇದೆಯೇ ಎಂದು ಕೇಳಿದರಂತೆ. ರಾವ್ ಮನೆಗೆ ಹೋಗಿ ರಾತ್ರಿಯೆಲ್ಲ ಕೂತು, ಮರುದಿನ ತರಗತಿಗೆ ಉತ್ತರ ತಂದರು. 1945ರಲ್ಲಿ ಅಚ್ಚಾದ ಆ ಉತ್ತರವೇ ಇವತ್ತು ಜಗತ್ತಿನ ಸಂಖ್ಯಾಶಾಸ್ತ್ರದ ಪುಸ್ತಕಗಳಲ್ಲೆಲ್ಲ ಇರುವ ಕ್ರಾಮೆರ್–ರಾವ್ ಅಸಮತೆ. ವಿದ್ಯಾರ್ಥಿ ಮೇಷ್ಟ್ರಿಗೆ ಹೋಂವರ್ಕ್ ಕೊಟ್ಟ ಈ ಪ್ರಸಂಗವನ್ನು ಪ್ರತಿ ವರ್ಷ ಮೊದಲನೇ ತರಗತಿಯಲ್ಲೇ ನನ್ನ ಹುಡುಗ ಹುಡುಗಿಯರಿಗೆ ಹೇಳುತ್ತೇನೆ.

ನನ್ನ ವಿದ್ಯಾರ್ಥಿಗಳು ಈಗ ಪ್ರಶ್ನೆಯ ಫೋಟೋ ತೆಗೆದರೆ ಮೊಬೈಲಿನಲ್ಲಿ ಹಂತ ಹಂತವಾಗಿ ಉತ್ತರ ಬಂದು ಬೀಳುತ್ತದೆ. ಬೇಡ ಅನ್ನುವುದಿಲ್ಲ. ಕೊನೆಯ ಪುಟದ ಒಂಟಿ ಉತ್ತರಕ್ಕಿಂತ ಅದು ಎಷ್ಟೋ ಮೇಲು, ಹಂತಗಳಾದರೂ ಇವೆ. ಆದರೆ ಅವರ ಪ್ರಶ್ನೆಯೊಳಗಿನ ಹಸು ಅವೇ ಹಸುವೋ ಬೇರೆ ಹಸುವೋ ಎನ್ನುವುದು ಆ ಫೋಟೋದಲ್ಲಿ ಇಲ್ಲದಿದ್ದರೆ, ಅದು ಕೊಡುವ ಹಂತಗಳೂ ನನ್ನ ಮೊದಲ ಹಾಳೆಯಷ್ಟೇ ನೀಟಾಗಿ ತಪ್ಪಬಹುದು. ಅದಕ್ಕೇ ಅವರನ್ನು ಮಾರುಕಟ್ಟೆಗೆ, ಬಸ್ ಸ್ಟ್ಯಾಂಡಿಗೆ, ಅವರವರ ಮನೆಗೆ ಕಳಿಸುತ್ತೇನೆ.

ಅವ್ವನಿಗೆ ಫಲಿತಾಂಶ ಹೇಳಿದ್ದು ದೀಪಾವಳಿಗೆ ಹೋದಾಗ. ಹಸುವಿನ ಕೆಚ್ಚಲು ತೊಳೆಯುತ್ತಿದ್ದವಳು ಕೈ ನಿಲ್ಲಿಸದೆ ಎಲ್ಲವನ್ನೂ ಕೇಳಿಸಿಕೊಂಡು, “ಗಟ್ಟಿ ಅನ್ನದು ಗೊತ್ತಾಯ್ತಲ್ಲ ಮಗ. ಯಾಕ್ ಗಟ್ಟಿ?” ಎಂದಳು. ನನ್ನ ಹಾಳೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಟಿ-ಪರೀಕ್ಷೆ ವ್ಯತ್ಯಾಸ ಇದೆ ಎನ್ನುತ್ತದೆ, ಯಾಕೆ ಎನ್ನುವುದಿಲ್ಲ. ಹೋಬಳಿಯ ದನದ ಆಸ್ಪತ್ರೆಯ ಡಾಕ್ಟರನ್ನು ಕೇಳಿದೆ. ಕರೆಯುವ ಹೊತ್ತು ಕೇಳಿದರು. ಬೆಳಿಗ್ಗೆ ಐದು, ಸಂಜೆ ನಾಲ್ಕು. ಹಗಲಿನ ಅಂತರ ಹನ್ನೊಂದು ಗಂಟೆ, ರಾತ್ರಿಯದು ಹದಿಮೂರು. ಅಂತರ ಹೆಚ್ಚಾದಷ್ಟೂ ಹಾಲು ಹೆಚ್ಚು, ಫ್ಯಾಟು ಕಡಿಮೆ; ಅಂತರ ಕಡಿಮೆಯಾದರೆ ಹಾಲು ಕಡಿಮೆ, ಫ್ಯಾಟು ಹೆಚ್ಚು ಎಂದರು. ಅವ್ವ ಅದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದ್ಕೇ ನಾನು ತಡ್ವಾಗಿ ಕರ್ದ ದಿನ ತೆಳ್ಳಗಿರದು” ಅಂದಳು. ನಾನು ಅಳೆಯದೇ ಇದ್ದ ಇನ್ನೊಂದು ವ್ಯತ್ಯಾಸ ಅವಳಿಗೆ ಮೊದಲೇ ಗೊತ್ತಿತ್ತು.

1993ರ ಸಂಕ್ರಾಂತಿಗೆ ಇಬ್ಬರೂ ಗೆಳತಿಯರು ನಮ್ಮೂರಿಗೆ ಬಂದರು. ಎಳ್ಳು ಬೀರಿದ ಮರುದಿನ ಬೆಳಿಗ್ಗೆ ಅವ್ವನ ಜೊತೆ ಡೇರಿಗೆ ಹೋದ ಸಾಗರ ಅಲ್ಲಿಂದ ಎದ್ದು ಬರಲೇ ಇಲ್ಲ. ಆಗಿನ್ನೂ ಅಲ್ಲಿ ಕೈಯಲ್ಲಿ ತಿರುಗಿಸುವ ಯಂತ್ರ. ಗಾಜಿನ ಕೊಳವೆಗೆ ಹತ್ತು ಮಿಲಿ ಗಂಧಕಾಮ್ಲ, 10.75 ಮಿಲಿ ಹಾಲು, ಒಂದು ಮಿಲಿ ಅಮೈಲ್ ಆಲ್ಕೋಹಾಲ್ ಹಾಕಿ, ರಬ್ಬರ್ ಬಿರಡೆ ಹಾಕಿ ಕುಲುಕಿದರೆ ಕೊಳವೆ ಕೈ ಸುಡುವಷ್ಟು ಬಿಸಿಯಾಗಿ ಹಾಲು ಕಂದು ಬಣ್ಣಕ್ಕೆ ತಿರುಗುತ್ತದೆ. ಆಮ್ಲ ಉಳಿದದ್ದನ್ನೆಲ್ಲ ಕರಗಿಸಿ ಕೊಬ್ಬನ್ನು ಬಿಟ್ಟುಕೊಡುತ್ತದೆ. ಯಂತ್ರದಲ್ಲಿ ತಿರುಗಿಸಿದಾಗ ಆ ಕೊಬ್ಬು ಸಣ್ಣ ಕತ್ತಿನೊಳಗೆ ಏರಿ ಹೊಂಬಣ್ಣದ ಕಂಬವಾಗಿ ನಿಲ್ಲುತ್ತದೆ. ಗೆರೆ ನೋಡಿ ಓದಿದರೆ ಅದೇ ಫ್ಯಾಟು. ಸ್ವಿಟ್ಜರ್ಲೆಂಡಿನ ಗರ್ಬರ್ ಹತ್ತೊಂಬತ್ತನೇ ಶತಮಾನದ ಕೊನೆಗೆ ಕಂಡುಹಿಡಿದ ವಿಧಾನ.

ಸಾಗರದವಳನ್ನು ಹಿಡಿದು ನಿಲ್ಲಿಸಿದ್ದು ಆ 10.75. ಹತ್ತು ಯಾಕಿಲ್ಲ, ಹನ್ನೊಂದು ಯಾಕಿಲ್ಲ? ಮನೆಗೆ ಬಂದವಳೇ ಜಗುಲಿಯ ಮೇಲೆ ಕೂತು ಕಾರ್ಡಿನ ಹಿಂಬದಿಯಲ್ಲೇ ಬಿಡಿಸಿದಳು. ಹಾಲು ನೀರಿಗಿಂತ ಸ್ವಲ್ಪ ತೂಕ, ಮಿಲಿಗೆ 1.03 ಗ್ರಾಂ. 10.75 ಮಿಲಿ ಎಂದರೆ ಹನ್ನೊಂದು ಗ್ರಾಮಿನಷ್ಟು. ಅದರ ನೂರನೇ ಒಂದು ಪಾಲು 0.11 ಗ್ರಾಂ. ಬಿಸಿ ಕೊಬ್ಬು ನೀರಿಗಿಂತ ಹಗುರ, ಮಿಲಿಗೆ 0.89ರ ಹತ್ತಿರ. ಭಾಗಿಸಿದರೆ 0.124 ಮಿಲಿ. ಹತ್ತಿರತ್ತಿರ ಎಂಟನೇ ಒಂದು ಮಿಲಿ. ಕೊಳವೆಯ ಕತ್ತಿನಲ್ಲಿ ಶೇಕಡಾ ಒಂದರ ಗೆರೆಯಿಂದ ಎರಡರ ಗೆರೆಗೆ ಹಿಡಿಯುವುದೂ ಸರಿಯಾಗಿ ಅಷ್ಟೇ, 0.125. ಪ್ರತಿ ಸಂಖ್ಯೆಯ ಪಕ್ಕದಲ್ಲೂ ಮಾನ ಬರೆದು, ಹೊಡೆದುಹಾಕಿ, ಕೊನೆಗೆ ‘ಮಿಲಿ’ ಉಳಿಸಿಕೊಂಡಿದ್ದಳು. ಯಾರೂ ಕೊಟ್ಟ ಹೋಂವರ್ಕ್ ಆಗಿರಲಿಲ್ಲ ಅದು.

ಕೊಳ್ಳೇಗಾಲದವಳಿಗೆ ಹೋಂವರ್ಕ್ ನಿಜವಾಗಿಯೂ ಇತ್ತು. ಒಂದು ಸಣ್ಣ ವ್ಯವಹಾರದ ವೆಚ್ಚಪಟ್ಟಿ ಮಾಡಿ, ಲಾಭವೂ ಇಲ್ಲದ ನಷ್ಟವೂ ಇಲ್ಲದ ಬ್ರೇಕ್ ಈವನ್ ಬಿಂದು ತೋರಿಸಬೇಕು. ಅವಳ ತರಗತಿಯವರು ಎ.ಬಿ.ಸಿ. ಲಿಮಿಟೆಡ್ ಎಂಬ ಪುಸ್ತಕದ ಕಂಪನಿಯ ಲೆಕ್ಕವನ್ನೇ ಸ್ವಲ್ಪ ತಿರುಚಿ ಬರೆಯುವವರು. ಇವಳು ನಮ್ಮವ್ವನ ಮುಂದೆ ಪೆನ್ಸಿಲ್ ಹಿಡಿದು ಕೂತಳು. “ಅಮ್ಮ, ಹಿಂಡಿ ತಿಂಗಳಿಗೆ ಎಷ್ಟು? ಬೂಸ?” ಹುಲ್ಲು ನಮ್ಮ ಹೊಲದ್ದೇ ಎಂದು ಅವ್ವ ಹೇಳಿದರೂ, ಮಾರಿದ್ದರೆ ಬರುತ್ತಿದ್ದ ಬೆಲೆ ಹಾಕಿಕೊಂಡಳು. ಬ್ಯಾಂಕಿನ ಕಂತನ್ನು ನಾನು ಖರ್ಚಿಗೆ ಸೇರಿಸು ಎಂದರೆ ಒಪ್ಪಲಿಲ್ಲ. “ಸಾಲ ತೀರಿಸೋದು ಖರ್ಚಲ್ಲ ಕಣೇ, ಬಡ್ಡಿ ಮಾತ್ರ ಖರ್ಚು. ಹಸುಗೆ ವಯಸ್ಸಾಗುತ್ತಲ್ಲ, ಆ ಸವಕಳಿ ಖರ್ಚು.” ಬಡ್ಡಿ, ಸವಕಳಿ, ವಿಮೆ, ಕೊಟ್ಟಿಗೆಯ ರಿಪೇರಿ ಸೇರಿ ತಿಂಗಳಿಗೆ 300 ರೂಪಾಯಿ. ಮೇವು ಕಳೆದು ಲೀಟರಿಗೆ ಉಳಿಯುವುದು 2 ರೂಪಾಯಿ. ಹಾಗಾದರೆ 150 ಲೀಟರಿಗೆ ಸರಿಸಮ. ದಿನಕ್ಕೆ ಎಂಟು ಲೀಟರ್ ಲೆಕ್ಕದಲ್ಲಿ ತಿಂಗಳಿಗೆ 240 ಲೀಟರ್. ಉಳಿದ 90 ಲೀಟರಿನಿಂದ 180 ರೂಪಾಯಿ ಲಾಭ. ಅವ್ವನಿಗೆ ಖುಷಿಯಾಯಿತು.

ಕೊಳ್ಳೇಗಾಲ ಮಾತ್ರ ಪೆನ್ಸಿಲ್ ಕೆಳಗಿಡಲಿಲ್ಲ. ಅವಳ ಪುಸ್ತಕದಲ್ಲಿ ಇನ್ನೊಂದು ಸಾಲಿತ್ತು, ಕೈಯಿಂದ ದುಡ್ಡು ಹೋಗದಿದ್ದರೂ ಆಗುವ ಖರ್ಚು. ಸ್ವಂತ ಕಟ್ಟಡಕ್ಕೆ ಬಾಡಿಗೆ, ಮಾಲೀಕನ ಸ್ವಂತ ದುಡಿಮೆಗೆ ಸಂಬಳ. ಅವಳು ಅವ್ವನನ್ನು ಕೇಳಿದಳು: “ದಿನಕ್ಕೆ ಎಷ್ಟು ಗಂಟೆ ಈ ಹಸುವಿನ ಕೆಲಸ ಮಾಡ್ತೀರ ಅಮ್ಮ?”

“ಅದ್ಯಾಕವ್ವಾ? ನಂಗ್ಯಾರು ಕೂಲಿ ಕೊಡ್ತಾರೆ?”

“ಕೊಡೋದಿಲ್ಲ. ಆದ್ರೆ ಬರೀಬೇಕು.”

ಅವ್ವ ಯೋಚಿಸಿ ನಾಲ್ಕು ಗಂಟೆ ಎಂದಳು. ಹೆಣ್ಣಾಳಿನ ದಿನದ ಕೂಲಿ ನಮ್ಮ ಕಡೆ ಆಗ 14 ರೂಪಾಯಿ, ಎಂಟು ಗಂಟೆಗೆ. ಅರ್ಧ ದಿನಕ್ಕೆ 7, ತಿಂಗಳಿಗೆ 210. ಲಾಭದ 180 ಅಳಿಸಿ 30 ರೂಪಾಯಿ ನಷ್ಟ ಎಂದಾಯಿತು. ಜಗುಲಿಯ ಮೇಲೆ ಯಾರೂ ಮಾತಾಡಲಿಲ್ಲ. ಅವ್ವ ಎದ್ದು ಹಸುವಿಗೆ ಕಲಗಚ್ಚು ಇಡಲು ಹೋದಳು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಅವಳಿಗೆ ಇದನ್ನು ಹೇಳಿ ತಪ್ಪು ಮಾಡಿದೆವೇನೋ ಎಂದು ಕೊಳ್ಳೇಗಾಲ ರಾತ್ರಿಯೆಲ್ಲ ಹೊರಳಾಡಿದಳು.

ಯುಗಾದಿಗೆ ಊರಿಗೆ ಹೋದವಳು ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ನೋಡಿದೆ. ಹಾಲಿನ ಲೆಕ್ಕ, ಹಸು ಗಬ್ಬದ ತಾರೀಕು ಅವ್ವ ಬರೆದಿಡುವುದು ಅದರಲ್ಲೇ. ಈಗ ಪ್ರತಿ ದಿನದ ಚೌಕದ ಕೆಳಗೆ ಪೆನ್ಸಿಲಿನಲ್ಲಿ ಇನ್ನೊಂದು ಸಂಖ್ಯೆ ಇತ್ತು. ಐದು, ಐದೂವರೆ, ಆರು, ಐದು. ರೇಡಿಯೋದ ಸಮಯ ನೋಡಿಕೊಂಡು ಬರೆದದ್ದಂತೆ. ಹುಲ್ಲು ಕೊಯ್ಯುವುದು, ಸಗಣಿ ಬಾಚುವುದು, ಮೈ ತೊಳೆಯುವುದು, ಡೇರಿಗೆ ನಡೆದು ಬರುವುದು ಎಲ್ಲ ಸೇರಿಸಿ ತಿಂಗಳು ಪೂರ್ತಿ.

“ಆ ಹುಡ್ಗಿಗೆ ಹೇಳು ಮಗ. ನಾನ್ ಹೇಳಿದ್ದು ತಪ್ಪು. ನಾಕಲ್ಲ, ಐದೂವರೆ ಆಯ್ತದೆ.”

ಹಬ್ಬ ಮುಗಿಸಿ ಮೈಸೂರಿಗೆ ಬಂದ ರಾತ್ರಿ ಕೊಳ್ಳೇಗಾಲದವಳ ಮುಂದೆ ಅದನ್ನು ಹೇಳಿದೆ. ವೆಚ್ಚಪಟ್ಟಿ ಆಗಲೇ ತಿದ್ದಿಸಿಕೊಂಡು ಬಂದಿತ್ತು, ಹತ್ತಕ್ಕೆ ಎಂಟು ಅಂಕ ಬಿದ್ದಿತ್ತು. ಆದರೂ ಹೊಸ ಹಾಳೆ ತೆಗೆದಳು. ಗಂಟೆಗೆ ಒಂದು ರೂಪಾಯಿ ಎಪ್ಪತ್ತೈದು ಪೈಸೆ, ಐದೂವರೆ ಗಂಟೆ, ಮೂವತ್ತು ದಿನ. 288 ರೂಪಾಯಿ 75 ಪೈಸೆ. ನಷ್ಟದ ಸಾಲಿನಲ್ಲಿ 108.75 ಎಂದು ಬರೆದಳು. ಆಮೇಲೆ ಮೇಲಕ್ಕೆ ಹೋಗಿ, ಪುಸ್ತಕದ ಪದ್ಧತಿಯಲ್ಲಿ ‘ಕೂಲಿ’ ಎಂದಷ್ಟೇ ಬರೆಯಬೇಕಿದ್ದ ಜಾಗದಲ್ಲಿ, ‘ಪಟ್ಟಣದ ಅವ್ವ, ದಿನಕ್ಕೆ 5½ ಗಂಟೆ’ ಎಂದು ಬರೆದು ಸ್ಕೇಲು ಇಟ್ಟು ಕೆಳಗೆ ಗೆರೆ ಎಳೆದಳು.